ದೀನಬಂಧು ಆಂಡ್ರೂಸ್: ಕರಾರು ಕೂಲಿ, ಬಂಡವಾಳ ಮತ್ತು ವಲಸೆ ನಿಯಂತ್ರಣ

ಚಾರ್ಲ್ಸ್ ಫ್ರೀರ್ ಆಂಡ್ರೂಸ್ ಅವರ ಹೆಸರು ಕನ್ನಡ ಓದುಗರಿಗೆ ಪರಿಚಿತವಾಗಿರುವುದು ಗಾಂಧೀಜಿ ಮತ್ತು ರವೀಂದ್ರನಾಥ ಟಾಗೋರರ ಆಪ್ತಮಿತ್ರರೆಂಬ ಕಾರಣಕ್ಕೆ. ಖಾದಿಯುಟ್ಟ, ಗಡ್ಡಧಾರಿಯಾದ, ಸೌಮ್ಯ ಸ್ವಭಾವದ ಈ ಆಂಗ್ಲ ಪಾದ್ರಿಯನ್ನು ಜೀವನಚರಿತ್ರೆಗಳು ಬಹುಮಟ್ಟಿಗೆ ಸಂತನ ಚೌಕಟ್ಟಿನೊಳಗೇ ಇಟ್ಟು ನೋಡಿವೆ. ಸಂತತ್ವದ ಈ ಪ್ರಭಾವಳಿಯಲ್ಲಿ ಮರೆಯಾಗಿರುವ ಸಂಗತಿಯೊಂದಿದೆ. ಆಂಡ್ರೂಸರ ಮೊದಲ ಪುಸ್ತಕ ಬಂಡವಾಳ ಮತ್ತು ದುಡಿಮೆಗಳ ನಡುವಿನ ಸಂಘರ್ಷವನ್ನು ಕುರಿತದ್ದು. ಅವರ ಬದುಕಿನ ಕೊನೆಯ ಇಪ್ಪತ್ತಾರು ವರ್ಷಗಳ ಬಹುಪಾಲು ಪ್ರಯಾಣಗಳು ಕಬ್ಬಿನ ತೋಟಗಳಿಗೂ ಕೂಲಿ ಲೈನುಗಳಿಗೂ ಬಂದರುಗಳಿಗೂ ಸಂಬಂಧಿಸಿದವು. ನಟಾಲ್, ಫಿಜಿ, ಕೀನ್ಯ, ಬ್ರಿಟಿಷ್ ಗಯಾನ ಹೀಗೆ ಭಾರತೀಯ ಕೂಲಿಗಳು ಹೋದೆಡೆಯೆಲ್ಲ ಹೋದ ಅವರು ಎಲ್ಲೆಡೆ ಎದುರಾದದ್ದು ಒಂದೇ ವ್ಯವಸ್ಥೆಯ ಬೇರೆಬೇರೆ ರೂಪಗಳನ್ನು. ಕರಾರಿಗೆ ಕಟ್ಟುಬಿದ್ದ ಕೂಲಿಯನ್ನು ಹಣ ಕೊಟ್ಟು ಕರೆತರುವ ವಸಾಹತು, ಅದೇ ಕೂಲಿ ಕರಾರು ಮುಗಿಸಿ ಸ್ವತಂತ್ರನಾದೊಡನೆ ಅವನನ್ನು ಹೊರಗಟ್ಟಲು ಕಾನೂನು ಮಾಡುತ್ತಿತ್ತು. ವಲಸೆಯ ನಿಯಂತ್ರಣವೆಂಬುದು ಬರುವವರ ಸಂಖ್ಯೆಗಿಂತ ಹೆಚ್ಚಾಗಿ ಬರುವವರು ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ಕುರಿತದ್ದು ಎಂಬುದನ್ನು ಆಂಡ್ರೂಸರ ಜೀವನದ ಘಟನೆಗಳು ತೋರಿಸುವಷ್ಟು ಸ್ಪಷ್ಟವಾಗಿ ಆ ಕಾಲದ ಇನ್ನೊಬ್ಬರ ಬದುಕು ತೋರಿಸಲಾರದು.

ಆಂಡ್ರೂಸ್ ಹುಟ್ಟಿದ್ದು 1871ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ನಗರದಲ್ಲಿ. ಅದು ಕಲ್ಲಿದ್ದಲು ಮತ್ತು ಹಡಗುಕಟ್ಟೆಗಳ ಊರು. ತಂದೆ ಜಾನ್ ಎಡ್ವಿನ್ ಆಂಡ್ರೂಸ್ ಕ್ಯಾಥೊಲಿಕ್ ಅಪೊಸ್ತಲಿಕ್ ಎಂಬ ಚಿಕ್ಕ ಪಂಥವೊಂದರ ಧರ್ಮಗುರು. ಸಂಸಾರ ಮುಂದೆ ಬರ್ಮಿಂಗ್‌ಹ್ಯಾಮಿಗೆ ನೆಲೆ ಬದಲಿಸಿತು. ತಾಯಿಯ ಪಾಲಿಗೆ ಬಂದಿದ್ದ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಸ್ನೇಹಿತ ಅದನ್ನು ಕಳೆದುದರಿಂದ ಮನೆಗೆ ಬಡತನ ಬಂದಿತು. ವಿದ್ಯಾರ್ಥಿವೇತನಗಳ ನೆರವಿನಿಂದ ಓದಿದ ಹುಡುಗ 1890ರಲ್ಲಿ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜನ್ನು ಸೇರಿದ.

ಕೇಂಬ್ರಿಜ್‌ನಲ್ಲಿ ಅವರ ಮೇಲೆ ಗಾಢ ಪರಿಣಾಮ ಬೀರಿದ್ದು ಬಿಷಪ್ ವೆಸ್ಟ್‌ಕಾಟ್ ಅವರ ವಿಚಾರಗಳು. ವೆಸ್ಟ್‌ಕಾಟ್ 1892ರಲ್ಲಿ ಡರ್ಹಮ್ ಗಣಿ ಕಾರ್ಮಿಕರ ಮುಷ್ಕರದಲ್ಲಿ ಮಧ್ಯಸ್ಥಿಕೆ ವಹಿಸಿದ್ದವರು. ಕೂಲಿಯ ಪ್ರಶ್ನೆ ಧರ್ಮದ ಪ್ರಶ್ನೆಯೂ ಹೌದೆಂದು ನಂಬಿದ್ದ ಕ್ರೈಸ್ತ ಸಮಾಜ ಸಂಘಟನೆಯ ಮುಂದಾಳು. ಆಂಡ್ರೂಸ್ ವಿಶ್ವವಿದ್ಯಾಲಯದ ಪ್ರಬಂಧ ಸ್ಪರ್ಧೆಗಾಗಿ ಬಂಡವಾಳ ಮತ್ತು ದುಡಿಮೆಯ ಸಂಘರ್ಷಕ್ಕೂ ಕ್ರೈಸ್ತಧರ್ಮಕ್ಕೂ ಇರುವ ಸಂಬಂಧವನ್ನು ಕುರಿತು ಬರೆದು ಬಹುಮಾನ ಪಡೆದರು. ಅದು 1896ರಲ್ಲಿ ಪುಸ್ತಕವಾಗಿ ಬಂದಿತು. ಬಳಿಕ ಸಂಡರ್‌ಲ್ಯಾಂಡಿನ ಮಾಂಕ್‌ವೇರ್‌ಮತ್‌ನಲ್ಲಿ ಹಡಗುಕಟ್ಟೆಯ ಕಾರ್ಮಿಕರ ನಡುವೆಯೂ, ದಕ್ಷಿಣ ಲಂಡನ್ನಿನ ವಾಲ್‌ವರ್ತ್ ಎಂಬ ಬಡ ಕೇರಿಯಲ್ಲಿಯೂ ಅವರು ಕೆಲಸ ಮಾಡಿದರು. ದಿನಗೂಲಿ ಸಿಗುವುದೋ ಇಲ್ಲವೋ ಎಂದು ಬೆಳಗಾದರೆ ಬಾಗಿಲಲ್ಲಿ ನಿಲ್ಲುವ ಜನರನ್ನು ಅವರು ಕಂಡದ್ದು ಭಾರತಕ್ಕೆ ಬರುವ ಮೊದಲೇ. ಆಂಡ್ರೂಸರನ್ನು ಭಾರತವೇ ರೂಪಿಸಿತೆಂದು ಹೇಳುವುದು ವಾಡಿಕೆಯಾದರೂ ಅದು ಪೂರ್ಣಸತ್ಯವಲ್ಲ. ಭಾರತದಲ್ಲಿ ಅವರು ಬಳಸಿದ ಕಣ್ಣು ವಾಲ್‌ವರ್ತ್‌ನಲ್ಲಿ ತೆರೆದದ್ದು.

ಬಿಷಪ್ಪರ ಮಗ ಬೇಸಿಲ್ ವೆಸ್ಟ್‌ಕಾಟ್ ಆಂಡ್ರೂಸರ ಆಪ್ತ ಗೆಳೆಯ. ದೆಹಲಿಯ ಕೇಂಬ್ರಿಜ್ ಮಿಷನ್ನಿನಲ್ಲಿದ್ದ ಆತ 1900ರಲ್ಲಿ ಕಾಲರಾದಿಂದ ತೀರಿಕೊಂಡ. ಗೆಳೆಯನ ಸ್ಥಾನವನ್ನು ತುಂಬಬೇಕೆಂಬ ಹಂಬಲದಿಂದ ಆಂಡ್ರೂಸ್ 1904ರ ಮಾರ್ಚ್ 20ರಂದು ಭಾರತಕ್ಕೆ ಬಂದಿಳಿದು, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿನ ಒಂದು ಘಟನೆಯನ್ನಷ್ಟೇ ಗಮನಿಸಿದರೆ ಸಾಕು. 1906ರಲ್ಲಿ ಪ್ರಾಂಶುಪಾಲರ ಹುದ್ದೆ ತೆರವಾದಾಗ ಅದು ಆಂಗ್ಲನಾದ ತನಗಲ್ಲ, ಸೇವೆಯಲ್ಲಿ ಹಿರಿಯರಾದ ಸುಶೀಲ್‌ಕುಮಾರ್ ರುದ್ರ ಅವರಿಗೆ ಸಲ್ಲಬೇಕೆಂದು ಆಂಡ್ರೂಸ್ ಪಟ್ಟುಹಿಡಿದರು. ರುದ್ರ ಪ್ರಾಂಶುಪಾಲರಾದರು. 1912ರಲ್ಲಿ ಲಂಡನ್ನಿನಲ್ಲಿ ಟಾಗೋರರ ಭೇಟಿಯಾಯಿತು. ಆ ಹೊತ್ತಿಗೆ ಗೋಪಾಲಕೃಷ್ಣ ಗೋಖಲೆಯವರ ಪರಿಚಯವೂ ಬೆಳೆದಿತ್ತು. 1913ರ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಸತ್ಯಾಗ್ರಹಕ್ಕೆ ಗೋಖಲೆ ನಿಧಿ ಸಂಗ್ರಹಿಸುತ್ತಿದ್ದಾಗ ಆಂಡ್ರೂಸ್ ತಮ್ಮ ಉಳಿತಾಯವನ್ನೆಲ್ಲ ಕೊಟ್ಟರು. ಜೊತೆಗೆ ತಾವೂ ಹೊರಟರು. ಅವರೊಂದಿಗೆ ಗೆಳೆಯ ವಿಲಿಯಂ ಪಿಯರ್ಸನ್ ಇದ್ದರು.

ಅವರು ಪ್ರವೇಶಿಸಿದ ಸನ್ನಿವೇಶದ ಆರ್ಥಿಕ ಹಿನ್ನೆಲೆಯನ್ನು ಇಲ್ಲಿ ಕೊಂಚ ವಿವರವಾಗಿ ಗಮನಿಸುವುದು ಅಗತ್ಯ. ನಟಾಲಿನ ಕಬ್ಬಿನ ತೋಟಗಳಿಗೆ ಭಾರತೀಯ ಕೂಲಿಗಳನ್ನು ಹೊತ್ತ ಮೊದಲ ಹಡಗು ಟ್ರೂರೋ ಮದರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ತಲಪಿತು. 1911ರವರೆಗೆ ಸುಮಾರು 1,52,000 ಮಂದಿ ಹೀಗೆ ಹೋದರು. ಬಹುಪಾಲು ತಮಿಳು, ತೆಲುಗು ಜಿಲ್ಲೆಗಳವರಾದರೂ ಹಡಗಿನ ಪಟ್ಟಿಗಳಲ್ಲಿ ಮೈಸೂರು ಸೀಮೆಯವರೂ ಸಿಗುತ್ತಾರೆ. ಕರಾರು ಐದು ವರ್ಷದ್ದು. ಕೂಲಿ ಮೊದಲ ವರ್ಷ ತಿಂಗಳಿಗೆ ಹತ್ತು ಷಿಲ್ಲಿಂಗ್, ಐದನೆಯ ವರ್ಷಕ್ಕೆ ಹದಿನಾಲ್ಕು. ಕೆಲಸಕ್ಕೆ ಬಾರದಿದ್ದರೆ ಅದು ಒಪ್ಪಂದ ಮುರಿದ ಸಿವಿಲ್ ತಕರಾರಲ್ಲ, ಜೈಲುಶಿಕ್ಷೆಯ ಅಪರಾಧ. ಆಫ್ರಿಕನ್ನರು ತಮ್ಮ ಸ್ವಂತ ಜಮೀನನ್ನು ಬಿಟ್ಟು ತೋಟದ ಮಾಲೀಕರು ಕೊಡುವ ಕೂಲಿಗೆ ಬರಲು ಇನ್ನೂ ಸಿದ್ಧರಿರಲಿಲ್ಲ. ಅವರನ್ನು ಬರಿಸುವಷ್ಟು ಹೆಚ್ಚಿನ ಕೂಲಿ ಕೊಡಲು ಮಾಲೀಕರು ಸಿದ್ಧರಿರಲಿಲ್ಲ. ಕರಾರು ವ್ಯವಸ್ಥೆ ಹುಟ್ಟಿದ್ದು ಈ ಎರಡರ ನಡುವೆ.

ತೊಡಕು ಪ್ರಾರಂಭವಾದದ್ದು ಕರಾರು ಮುಗಿಸಿದವರಿಂದ. ಅವರು ತರಕಾರಿ ಬೆಳೆದರು, ಮೀನು ಹಿಡಿದರು, ಬೀದಿಯಲ್ಲಿ ಮಾರಿದರು. ಅವರ ಬೆನ್ನಿಗೆ ಗುಜರಾತಿನಿಂದ ಸ್ವಂತ ಖರ್ಚಿನಲ್ಲಿ ಬಂದ ವ್ಯಾಪಾರಿಗಳು ಅಂಗಡಿ ತೆರೆದರು. ಬಿಳಿಯ ಅಂಗಡಿಕಾರರಿಗೂ ಸಣ್ಣ ರೈತರಿಗೂ ಇದು ಸ್ಪರ್ಧೆ. ತೋಟದ ಮಾಲೀಕರಿಗೆ ಕೂಲಿ ಬೇಕು, ಅಂಗಡಿಕಾರರಿಗೆ ಭಾರತೀಯ ಬೇಡ: ಒಂದೇ ಶಾಸನಸಭೆಯಲ್ಲಿ ಕುಳಿತಿದ್ದ ಈ ಎರಡು ಹಿತಾಸಕ್ತಿಗಳನ್ನು ನಟಾಲ್ ಸರ್ಕಾರ ಹೊಂದಿಸಿದ ಬಗೆ ಕುತೂಹಲಕರ. 1895ರ ಕಾಯಿದೆಯಂತೆ, ಅನಂತರ ಬರುವ ಕೂಲಿಗಳು ಕರಾರು ಮುಗಿದ ಮೇಲೆ ಹೊಸ ಕರಾರಿಗೆ ಸಹಿ ಮಾಡಬೇಕು, ಇಲ್ಲವೆ ಭಾರತಕ್ಕೆ ಮರಳಬೇಕು, ಎರಡೂ ಇಲ್ಲದಿದ್ದರೆ ವರ್ಷಕ್ಕೆ ಮೂರು ಪೌಂಡು ತೆರಿಗೆ ಕಟ್ಟಬೇಕು. ಮೂರು ಪೌಂಡೆಂದರೆ ಅರುವತ್ತು ಷಿಲ್ಲಿಂಗ್, ಮೊದಲ ವರ್ಷದ ಆರು ತಿಂಗಳ ಕೂಲಿ. 1897ರಲ್ಲಿ ವಲಸೆ ನಿರ್ಬಂಧ ಕಾಯಿದೆ ಬಂದಿತು. ಯಾವುದಾದರೂ ಯೂರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆಯಲಾರದವರಿಗೆ ಪ್ರವೇಶವಿಲ್ಲ. ಕಾಯಿದೆಯಲ್ಲಿ ಭಾರತೀಯರೆಂಬ ಮಾತಿಲ್ಲ; ಅಷ್ಟೇ ಅಲ್ಲ, ಸರ್ಕಾರಿ ಯೋಜನೆಯ ಮೂಲಕ ಕರೆತಂದ ಕರಾರು ಕೂಲಿಗಳಿಗೆ ಅದು ಅನ್ವಯಿಸುವುದೂ ಇಲ್ಲ. ಸ್ವಂತ ಹಣ ಕೊಟ್ಟು ಬರುವ ಸ್ವತಂತ್ರ ಭಾರತೀಯ ಅಕ್ಷರ ಬಾರದವನಾದರೆ ನಿಷಿದ್ಧ, ಕರಾರಿಗೆ ಹೆಬ್ಬೆಟ್ಟೊತ್ತಿದ ಭಾರತೀಯ ಅಕ್ಷರ ಬಾರದವನಾದರೂ ಸ್ವಾಗತಾರ್ಹ. ಅದೇ ವರ್ಷ ವ್ಯಾಪಾರದ ಪರವಾನಗಿ ಕಾಯಿದೆಯೂ ಬಂದಿತು. ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್ ಈ ನಟಾಲ್ ಮಾದರಿಯನ್ನು ಇತರ ವಸಾಹತುಗಳಿಗೂ ಸೂಚಿಸಿದರು.

ಗೋಖಲೆಯವರ 1910ರ ನಿರ್ಣಯದ ಬಳಿಕ ಭಾರತ ಸರ್ಕಾರ 1911ರ ಜುಲೈನಿಂದ ನಟಾಲಿಗೆ ಕೂಲಿಗಳನ್ನು ಕಳುಹಿಸುವುದನ್ನು ನಿಲ್ಲಿಸಿತು. ಹೊಸ ಕೂಲಿಗಳ ಹರಿವು ನಿಂತೊಡನೆ ಇದ್ದವರನ್ನು ಹಿಡಿದಿಟ್ಟುಕೊಳ್ಳುವ ಸಾಧನವಾಗಿ ಮೂರು ಪೌಂಡಿನ ತೆರಿಗೆಯ ಬೆಲೆ ಹೆಚ್ಚಿತು. 1913ರ ಒಕ್ಕೂಟದ ವಲಸೆ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರ್ಥಿಕ ಕಾರಣಗಳಿಂದ ಅಥವಾ ಜೀವನಮಟ್ಟದ ಕಾರಣದಿಂದ ಯಾವುದೇ ವರ್ಗದವರನ್ನು ಅನರ್ಹರೆಂದು ಘೋಷಿಸುವ ಅಧಿಕಾರವನ್ನು ಸಚಿವರಿಗೆ ಕೊಟ್ಟಿತು. ಆ ಅಧಿಕಾರ ಬಳಕೆಯಾದದ್ದು ಏಷ್ಯಾದವರೆಲ್ಲರ ಮೇಲೆ. ಜನಾಂಗದ ತಾರತಮ್ಯಕ್ಕೆ ಅರ್ಥಶಾಸ್ತ್ರದ ಭಾಷೆ ಹೀಗೆ ನೇರವಾಗಿಯೇ ಶಾಸನದೊಳಗೆ ಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ತೆರಿಗೆಯ ವಿರುದ್ಧ ಮುಷ್ಕರ ಮೊದಲಾದದ್ದು ನಟಾಲಿನ ಕಲ್ಲಿದ್ದಲ ಗಣಿಗಳಲ್ಲಿ. ಆ ಊರಿನ ಹೆಸರೂ ನ್ಯೂಕ್ಯಾಸಲ್. ಹೆಸರಿನ ಈ ಸಾಮ್ಯ ಕಾಕತಾಳೀಯವೇ, ಆದರೂ ಆಂಡ್ರೂಸರ ಚರಿತ್ರೆ ಬರೆಯುವವರು ಗಮನಿಸದೆ ಬಿಡಲಾಗದಂಥದು. ನವೆಂಬರ್ 6ರಂದು ಗಾಂಧೀಜಿ ಎರಡು ಸಾವಿರಕ್ಕೂ ಮಿಕ್ಕ ಜನರೊಂದಿಗೆ ಗಡಿ ದಾಟಿದರು. ಮುಷ್ಕರ ಕಬ್ಬಿನ ತೋಟಗಳಿಗೂ ಹರಡಿತು.

1914ರ ಜನವರಿಯ ಮೊದಲ ವಾರದಲ್ಲಿ ಡರ್ಬನ್ ಹಡಗುಕಟ್ಟೆಯಲ್ಲಿ ಇಳಿದ ಆಂಡ್ರೂಸ್, ಗಾಂಧಿಯವರು ಯಾರೆಂದು ಕೇಳಿ ತಿಳಿದು, ಬಾಗಿ ಅವರ ಪಾದ ಮುಟ್ಟಿದರು. ಬಿಳಿಯನೊಬ್ಬ ಏಷ್ಯಾದವನ ಕಾಲು ಮುಟ್ಟಿದ್ದು ಅಲ್ಲಿಯ ಯೂರೋಪಿಯನ್ನರನ್ನು ಕೆರಳಿಸಿತು. ಈ ಪ್ರಸಂಗ ಎಲ್ಲ ಚರಿತ್ರೆಗಳಲ್ಲಿಯೂ ಇದೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಮುಂದಿನ ವಾರಗಳಲ್ಲಿ ಗಾಂಧಿ ಮತ್ತು ಸ್ಮಟ್ಸ್ ನಡುವೆ ಅವರು ನಡೆಸಿದ ಓಡಾಟ. ಅದೇ ತಿಂಗಳು ರೈಲ್ವೆಯ ಬಿಳಿಯ ಕಾರ್ಮಿಕರೂ ಮುಷ್ಕರ ಹೂಡಿದರು. ಸರ್ಕಾರದ ಈ ಸಂಕಟವನ್ನು ಬಳಸಿಕೊಳ್ಳುವುದಿಲ್ಲವೆಂದು ಗಾಂಧೀಜಿ ತಮ್ಮ ಚಳವಳಿಯನ್ನು ಮುಂದೂಡಿದರು. ಸ್ಮಟ್ಸ್ ಬಿಳಿಯ ಕಾರ್ಮಿಕ ನಾಯಕರನ್ನು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಗಡೀಪಾರೆಂಬುದು ಬಣ್ಣಕ್ಕಷ್ಟೇ ಸಂಬಂಧಿಸಿದ ಆಯುಧವಲ್ಲ, ಶಿಸ್ತಿಗೆ ಒಳಪಡದ ದುಡಿಮೆಗಾರನ ಮೇಲೆ ಪ್ರಯೋಗಿಸುವ ಆಯುಧವೆಂಬುದನ್ನು ಈ ಘಟನೆ ಬಯಲು ಮಾಡುತ್ತದೆ. ಜನವರಿಯ ಕೊನೆಗೆ ತಾತ್ಕಾಲಿಕ ಒಪ್ಪಂದವಾಯಿತು. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಆಂಡ್ರೂಸರ ತಾಯಿ ತೀರಿಕೊಂಡರು.

1914ರ ಭಾರತೀಯ ಪರಿಹಾರ ಕಾಯಿದೆ ಮೂರು ಪೌಂಡಿನ ತೆರಿಗೆಯನ್ನು ತೆಗೆದುಹಾಕಿತು, ಭಾರತೀಯ ವಿವಾಹಗಳನ್ನು ಮಾನ್ಯಮಾಡಿತು. ಅದು ದೊಡ್ಡ ಗೆಲುವು. ಆದರೆ ಹೊಸದಾಗಿ ಭಾರತೀಯರು ಬಂದು ನೆಲಸುವುದು ಕಾರ್ಯತಃ ಮುಗಿದ ಮಾತೆಂದು ಎರಡೂ ಪಕ್ಷದವರು ಒಪ್ಪಿದ್ದರು. ಕಾಯಿದೆಯ ಒಂದು ಕಲಮು, ವಾಸದ ಹಕ್ಕನ್ನು ಬಿಟ್ಟುಕೊಡುವ ಭಾರತೀಯನಿಗೆ ಸ್ವದೇಶಕ್ಕೆ ಉಚಿತ ಹಡಗು ಪ್ರಯಾಣ ನೀಡುವ ಏರ್ಪಾಡನ್ನೂ ಮಾಡಿತ್ತು. ವಿಜಯೋತ್ಸಾಹದಲ್ಲಿ ಯಾರೂ ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಹದಿಮೂರು ವರ್ಷಗಳ ನಂತರ ಅದೇ ಕಲಮಿನ ವಿಸ್ತೃತ ರೂಪ ಆಂಡ್ರೂಸರನ್ನು ನೈತಿಕ ಸಂಕಟಕ್ಕೆ ದೂಡಲಿತ್ತು.

ಭಾರತಕ್ಕೆ ಮರಳಿದ ಆಂಡ್ರೂಸ್ ದೆಹಲಿಯ ಮಿಷನ್ನನ್ನೂ ಪಾದ್ರಿಯ ಕರ್ತವ್ಯಗಳನ್ನೂ ಬಿಟ್ಟು 1914ರಲ್ಲಿಯೇ ಶಾಂತಿನಿಕೇತನ ಸೇರಿದರು. ಮರುವರ್ಷ ಕಾಲರಾ ತಗಲಿ ಸಾವಿನ ಸಮೀಪಕ್ಕೆ ಹೋಗಿ ಬಂದರು. ಚೇತರಿಸಿಕೊಂಡ ಬೆನ್ನಲ್ಲೇ ಪಿಯರ್ಸನ್ ಜೊತೆಗೂಡಿ ಫಿಜಿಗೆ ಹೊರಟರು. ಆ ಹೊತ್ತಿಗೆ ಫಿಜಿಯಲ್ಲಿ ಇಪ್ಪತ್ತೊಂದು ವರ್ಷ ಕಳೆದು ಬಂದಿದ್ದ ತೋತಾರಾಮ್ ಸನಾಢ್ಯರ ಅನುಭವ ಕಥನ ಬನಾರಸೀದಾಸ್ ಚತುರ್ವೇದಿಯವರ ನೆರವಿನಿಂದ ಹಿಂದಿಯಲ್ಲಿ ಪ್ರಕಟವಾಗಿ ಉತ್ತರ ಭಾರತವನ್ನು ಕಲಕಿತ್ತು. ಮತ್ತೊಂದೆಡೆ, ಸರ್ಕಾರವೇ ಕಳುಹಿಸಿದ್ದ ಮೆಕ್‌ನೀಲ್ ಮತ್ತು ಚಿಮ್ಮನ್‌ಲಾಲ್ ಎಂಬಿಬ್ಬರು, ಕೆಲವು ಸುಧಾರಣೆಗಳೊಂದಿಗೆ ವ್ಯವಸ್ಥೆ ಮುಂದುವರಿಯಬಹುದೆಂದು ವರದಿ ನೀಡಿದ್ದರು.

ಫಿಜಿಯ ಅರ್ಥವ್ಯವಸ್ಥೆಯ ಕೀಲಿಕೈ ಇದ್ದದ್ದು ಫಿಜಿಯಲ್ಲಲ್ಲ, ಸಿಡ್ನಿಯಲ್ಲಿ. ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ 1880ರ ದಶಕದಿಂದ ದ್ವೀಪದ ಸಕ್ಕರೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತ್ತು. 1879ರಿಂದ 1916ರವರೆಗೆ ಸುಮಾರು 61,000 ಭಾರತೀಯರು ಕರಾರಿನ ಮೇಲೆ ಅಲ್ಲಿಗೆ ಹೋದರು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯಾಗಳಾದರು. ಇದೇ ಅವಧಿಯಲ್ಲಿ ಆಸ್ಟ್ರೇಲಿಯ ಏನು ಮಾಡುತ್ತಿತ್ತೆಂಬುದು ಗಮನಾರ್ಹ. 1901ರಲ್ಲಿ ಹೊಸ ಒಕ್ಕೂಟದ ಸಂಸತ್ತು ಉಕ್ತಲೇಖನ ಪರೀಕ್ಷೆಯ ಮೂಲಕ ಬಿಳಿಯರಲ್ಲದವರನ್ನು ತಡೆಯುವ ವಲಸೆ ಕಾಯಿದೆಯನ್ನು ಮಾಡಿತು. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಪೆಸಿಫಿಕ್ ದ್ವೀಪವಾಸಿಗಳನ್ನು ಹೊರಗೆ ಕಳುಹಿಸುವ ಕಾಯಿದೆಯನ್ನೂ ಆ ವರ್ಷವೇ ಮಾಡಿತು. ಬಿಳಿಯರ ದುಡಿಮೆಯಿಂದ ಬೆಳೆದ ಸಕ್ಕರೆಗೆ ಸರ್ಕಾರ ಸಹಾಯಧನ ಕೊಟ್ಟಿತು. ಅಂದರೆ ದೇಶದೊಳಗೆ ಕಾರ್ಮಿಕ ಸಂಘಗಳ ಒತ್ತಡದಿಂದ ಅಗ್ಗದ ಕೂಲಿಗೆ ತಡೆ. ಸಮುದ್ರದಾಚೆ ಅದೇ ದೇಶದ ಕಂಪನಿಗೆ ಕಟ್ಟುಕೂಲಿಯ ಧಾರಾಳ ಪೂರೈಕೆ. ಒಂದೇ ಬಂಡವಾಳ ಒಂದೆಡೆ ಬೇಲಿಯೊಳಗೂ ಇನ್ನೊಂದೆಡೆ ಬೇಲಿಯಾಚೆಗೂ ಲಾಭ ಮಾಡಿಕೊಳ್ಳುವ ಏರ್ಪಾಡಿದು.

1915ರ ಕೊನೆಯ ತಿಂಗಳುಗಳಲ್ಲಿ ಫಿಜಿಯನ್ನು ಸುತ್ತಿದ ಇಬ್ಬರೂ ತೋಟಗಳಲ್ಲಿ, ಆಸ್ಪತ್ರೆಗಳಲ್ಲಿ, ನ್ಯಾಯಾಲಯಗಳಲ್ಲಿ ಕುಳಿತು ವಿಚಾರಿಸಿದರು. ಗಂಡಸಿಗೆ ದಿನಕ್ಕೆ ಒಂದು ಷಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್ ಎಂದು ಕಾಗದದಲ್ಲಿತ್ತು. ಒಪ್ಪಿಸಿದ ಅಳತೆಯ ಕೆಲಸ ಮುಗಿಸಿದರೆ ಮಾತ್ರ ಅದು ಕೈಗೆ ಬರುತ್ತಿತ್ತು. ಮುಗಿಸದವರು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ನೂರು ಗಂಡಸರಿಗೆ ನಲವತ್ತು ಹೆಂಗಸರೆಂಬುದು ಕಾನೂನಿನ ಪ್ರಮಾಣ. ಮೂವರು ಒಂಟಿ ಗಂಡಸರಿಗೆ ಒಂದು ಚಿಕ್ಕ ಕೋಣೆಯಂತೆ ಕಟ್ಟಿದ ಉದ್ದನೆಯ ಲೈನುಗಳು. ಆತ್ಮಹತ್ಯೆ, ಹೆಣ್ಣಿನ ಕಾರಣದ ಕೊಲೆಗಳು ಭಾರತದಲ್ಲಿಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದುವು. 1916ರ ಫೆಬ್ರವರಿಯಲ್ಲಿ ಅವರ ಸ್ವತಂತ್ರ ವಿಚಾರಣೆಯ ವರದಿ ಹೊರಬಂದಿತು.

ಈ ವರದಿಯ ಒಂದು ಮಿತಿಯನ್ನು ಹೇಳದೆ ಬಿಡುವಂತಿಲ್ಲ. ಆಂಡ್ರೂಸ್ ಹೆಚ್ಚಿನ ಒತ್ತು ಕೊಟ್ಟದ್ದು ಲೈನುಗಳಲ್ಲಿಯ ನೈತಿಕ ಅಧಃಪತನಕ್ಕೆ, ವಿಶೇಷವಾಗಿ ಹೆಂಗಸರ ಶೀಲಕ್ಕೆ. ಭಾರತದ ಮಧ್ಯಮವರ್ಗವನ್ನು ಬಡಿದೆಬ್ಬಿಸುವಲ್ಲಿ ಈ ಭಾಷೆ ಯಶಸ್ವಿಯಾಯಿತೆಂಬುದು ನಿಜ. ಆದರೆ ಗಿರ್ಮಿಟಿಯಾ ಹೆಣ್ಣನ್ನು ಅದು ದುಡಿಮೆಗಾರಳಾಗಿ ಕಾಣದೆ ಕೆಟ್ಟವಳೋ ಕೆಡಿಸಲ್ಪಟ್ಟವಳೋ ಆಗಿ ಕಂಡಿತು. ಒಂಬತ್ತು ಪೆನ್ಸಿನ ಕೂಲಿ ಹನ್ನೆರಡಾಗಬೇಕೆಂಬ ಬೇಡಿಕೆಗಿಂತ ಅವಳು ಮನೆಯಲ್ಲಿರಬೇಕೆಂಬ ಬೇಡಿಕೆ ಮುಂದಾಯಿತು. ಆಸ್ಟ್ರೇಲಿಯದ ಮಹಿಳಾ ಸಂಘಗಳ ಪರವಾಗಿ 1918ರಲ್ಲಿ ಫಿಜಿಗೆ ಹೋದ ಫ್ಲಾರೆನ್ಸ್ ಗಾರ್ನಮ್ ಅವರ ವರದಿ ಆಂಡ್ರೂಸರ ನಿರೂಪಣೆಗಳನ್ನು ಸಮರ್ಥಿಸಿತು. ಸಾಕ್ಷ್ಯದ ವಿಷಯದಲ್ಲಿ ಆಂಡ್ರೂಸ್ ತಪ್ಪಲಿಲ್ಲ. ಯಾವುದನ್ನು ಮುಂದಿಡಬೇಕೆಂಬಲ್ಲಿ ಪಾದ್ರಿ ಆಂಡ್ರೂಸ್ ವಾಲ್‌ವರ್ತ್‌ನ ಆಂಡ್ರೂಸರನ್ನು ಹಿಂದಿಕ್ಕಿದರು.

1916ರ ಮಾರ್ಚ್ 20ರಂದು ಮದನಮೋಹನ ಮಾಳವೀಯರು ಕರಾರು ಕೂಲಿ ರದ್ದಾಗಬೇಕೆಂಬ ನಿರ್ಣಯವನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು, ವೈಸರಾಯ್ ಹಾರ್ಡಿಂಜ್ ಅದನ್ನು ತತ್ತ್ವಶಃ ಒಪ್ಪಿದರು. ಆದರೆ ವಸಾಹತುಗಳು ಬದಲಿ ವ್ಯವಸ್ಥೆ ಮಾಡಿಕೊಳ್ಳುವವರೆಗೆ ಎಂಬ ಷರತ್ತು ಅದಕ್ಕಿತ್ತು. ಇನ್ನೂ ಐದು ವರ್ಷ ಮುಂದುವರಿಯುವುದೆಂಬ ಸುದ್ದಿ 1917ರ ಆರಂಭದಲ್ಲಿ ಹಬ್ಬಿದಾಗ ದೇಶಾದ್ಯಂತ ಸಭೆಗಳು ನಡೆದವು. ಗಾಂಧೀಜಿ ಮೇ 31ರ ಗಡುವು ಹಾಕಿದರು, ಮಹಿಳೆಯರ ನಿಯೋಗವೊಂದು ವೈಸರಾಯರನ್ನು ಕಂಡಿತು, ಆಂಡ್ರೂಸ್ ಬಿಡುವಿಲ್ಲದೆ ಬರೆದರು. ಮಾರ್ಚ್ 12ರಂದು ಸರ್ಕಾರ ಭಾರತ ರಕ್ಷಣಾ ನಿಯಮಗಳನ್ವಯ ಕೂಲಿಗಳ ರವಾನೆಯನ್ನು ತಡೆಯಿತು. ಇದರಲ್ಲಿ ಸಾರ್ವಜನಿಕ ಆಕ್ರೋಶದ ಪಾಲು ಎಷ್ಟು, ಯುದ್ಧದ ಪಾಲು ಎಷ್ಟು ಎಂಬುದು ವಿಚಾರಾರ್ಹ. ಮೆಸೊಪೊಟೇಮಿಯದ ರಣರಂಗಕ್ಕೆ ಸಾಮಾನು ಹೊರುವ, ಹಳಿ ಹಾಕುವ ಆಳುಗಳು ಸಾಮ್ರಾಜ್ಯಕ್ಕೆ ತುರ್ತಾಗಿ ಬೇಕಿದ್ದರು. ಅರ್ಧ ಶತಮಾನಕ್ಕೂ ಮಿಕ್ಕು ವಾದದಿಂದ ನಿಲ್ಲದ ಕೂಲಿ ರವಾನೆ, ಅದೇ ಕೂಲಿಗೆ ಬೇರೊಬ್ಬ ಗಿರಾಕಿ ಬಂದಾಗ ನಿಂತಿತು. ಇದು ಆಂಡ್ರೂಸರ ಶ್ರಮವನ್ನು ಕಿರಿದುಗೊಳಿಸುವ ಮಾತಲ್ಲ. ಯುದ್ಧದ ತಡೆ ಯುದ್ಧಾನಂತರವೂ ಉಳಿಯುವಂತೆ ಮಾಡಿದ್ದು ಆ ಶ್ರಮವೇ. ಅವರು ಅದೇ ವರ್ಷ ಮತ್ತೆ ಫಿಜಿಗೆ ಹೋದರು, ಆಸ್ಟ್ರೇಲಿಯದ ಊರೂರುಗಳಲ್ಲಿ ಮಾತನಾಡಿದರು. ಫಿಜಿಯಲ್ಲಿ ಉಳಿದಿದ್ದ ಕರಾರುಗಳೆಲ್ಲ 1920ರ ಜನವರಿ 1ರಂದು ರದ್ದಾದವು. ದೀನಬಂಧುವೆಂಬ ಹೆಸರು ಅವರಿಗೆ ಅಂಟಿಕೊಂಡದ್ದು ಈ ವರ್ಷಗಳಲ್ಲಿ.

ಬಿಡುಗಡೆಯ ಮರುಮುಖವನ್ನು ಆಂಡ್ರೂಸ್ ಕಂಡದ್ದು ಕಲಕತ್ತೆಯ ಮಟಿಯಾಬುರ್ಜ್‌ನಲ್ಲಿ. ಕರಾರು ಕಳಚಿ ಊರಿಗೆಂದು ಹಡಗು ಹತ್ತಿ ಬಂದವರು ಹೂಗ್ಲಿ ದಡದ ಈ ಕೊಳೆಗೇರಿಯಲ್ಲಿ ಬಿದ್ದುಕೊಂಡಿದ್ದರು. ಹಳ್ಳಿಗೆ ಹೋದರೆ ಜಾತಿಯವರು ಒಳಸೇರಿಸುತ್ತಿರಲಿಲ್ಲ. ದ್ವೀಪದಲ್ಲಿ ಬೇರೆ ಜಾತಿಯ ಹೆಣ್ಣನ್ನು ಮದುವೆಯಾದವನಿಗೆ, ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ಊರೆಂಬುದೇ ಇರಲಿಲ್ಲ. ಕೂಡಿಟ್ಟ ಹಣ ಪ್ರಾಯಶ್ಚಿತ್ತಕ್ಕೂ ನೆಂಟರಿಗೂ ಕರಗಿತು. ಯಾವ ವ್ಯವಸ್ಥೆಯಿಂದ ಅವರನ್ನು ಬಿಡಿಸಲು ಆಂಡ್ರೂಸ್ ಹೆಣಗಿದ್ದರೋ ಅಲ್ಲಿಗೇ ಮತ್ತೆ ಕಳುಹಿಸಿರೆಂದು ಆ ಜನ ಅವರ ಮುಂದೆ ಕೈಮುಗಿದರು. ಅವರಿಗಾಗಿ ಆಂಡ್ರೂಸ್ ಕಲಕತ್ತೆಯಲ್ಲಿ ಸಹಾಯ ಸಮಿತಿ ಕಟ್ಟುವಲ್ಲಿ ನೆರವಾದರು, ಸರ್ಕಾರಕ್ಕೆ ಬರೆದರು. 1921ರಲ್ಲಿ ಗ್ಯಾಂಜಸ್ ಎಂಬ ಹಡಗು ನೂರಾರು ಜನರನ್ನು ಮತ್ತೆ ಫಿಜಿಗೆ ಕೊಂಡೊಯ್ದಿತು. ಸ್ವದೇಶವೆಂಬ ಪದವನ್ನು ಸರ್ಕಾರಿ ಕಡತಗಳು ಬಳಸುವಷ್ಟು ಸರಳವಾಗಿ ಬಳಸುವುದು ಅಸಾಧ್ಯವೆಂಬುದನ್ನು ಮಟಿಯಾಬುರ್ಜ್ ಅವರಿಗೆ ಕಲಿಸಿರಬೇಕು. ಪೂರ್ತಿಯಾಗಿ ಕಲಿಸಲಿಲ್ಲವೆಂಬುದಕ್ಕೆ ಮುಂದಿನ ಪ್ರಸಂಗ ನಿದರ್ಶನ.

ಅದಕ್ಕೆ ಮೊದಲು ಕೀನ್ಯ. 1896ರಿಂದ 1901ರವರೆಗೆ ಉಗಾಂಡ ರೈಲುಹಾದಿಯನ್ನು ಹಾಕಲು ಸುಮಾರು 32,000 ಭಾರತೀಯರನ್ನು ಕರಾರಿನ ಮೇಲೆ ಒಯ್ಯಲಾಯಿತು. ಬಹುಪಾಲು ಮರಳಿದರು, ಸುಮಾರು 2,500 ಮಂದಿ ಸತ್ತರು. ಹಾದಿ ಮುಗಿದ ಮೇಲೆ ಅದೇ ಹಾದಿ ಹಿಡಿದು ಮೇಲ್ನಾಡಿಗೆ ಬಂದ ಬಿಳಿಯ ಜಮೀನ್ದಾರರು ಭಾರತೀಯರ ವಲಸೆಯನ್ನು ನಿಲ್ಲಿಸಬೇಕೆಂದು ಒತ್ತಾಯಿಸಿದರು. ಅವರಿಗೆ ಬೇಕಾದ ಕೃಷಿ ಕೂಲಿಯನ್ನು ಗುಡಿಸಲು ತೆರಿಗೆ ಮತ್ತು ಕಿಪಾಂಡೆ ಎಂಬ ಗುರುತುಚೀಟಿಗಳ ಮೂಲಕ ಆಫ್ರಿಕನ್ನರಿಂದಲೇ ಹಿಂಡಿಕೊಳ್ಳುವ ವ್ಯವಸ್ಥೆ ಆಗಿತ್ತು. ಉಳಿದ ಭಾರತೀಯ ಅವರ ಲೆಕ್ಕದಲ್ಲಿ ಕೂಲಿಯಲ್ಲ, ಅಂಗಡಿಕಾರ, ಗುಮಾಸ್ತ, ಬಡಗಿ. 1919ರಿಂದ ಹಲವು ಬಾರಿ ಅಲ್ಲಿಗೆ ಹೋದ ಆಂಡ್ರೂಸರ ಮೇಲೆ 1921ರಲ್ಲಿ ರೈಲಿನಲ್ಲಿ ಬಿಳಿಯರು ಹಲ್ಲೆ ಮಾಡಿ ಗಡ್ಡ ಹಿಡಿದೆಳೆದರು. ಭಾರತೀಯರ ಪರವಾಗಿದ್ದರೂ ಆಂಡ್ರೂಸ್ ಭಾರತೀಯ ವ್ಯಾಪಾರಿಗಳ ವಕೀಲರಾಗಲಿಲ್ಲ. ಜರ್ಮನ್ ಪೂರ್ವ ಆಫ್ರಿಕವನ್ನು ಭಾರತೀಯರ ವಸಾಹತಾಗಿ ಕೊಡಬೇಕೆಂಬ ಕೆಲವು ಭಾರತೀಯ ನಾಯಕರ ಬೇಡಿಕೆಯನ್ನು ಅವರು ವಿರೋಧಿಸಿದರು. ನೆಲ ಆಫ್ರಿಕನ್ನರದು ಎಂಬುದು ಅವರ ನಿಲುವು. 1923ರ ಜುಲೈಯಲ್ಲಿ ಬಂದ ಡೆವನ್‌ಷೈರ್ ಶ್ವೇತಪತ್ರ ಆಫ್ರಿಕನ್ನರ ಹಿತವೇ ಪರಮವೆಂದು ಸಾರಿತು. ಆದರೆ ಅದೇ ಪತ್ರ ಮೇಲ್ನಾಡಿನ ಜಮೀನನ್ನು ಬಿಳಿಯರಿಗೇ ಕಾದಿರಿಸಿತು. ಜನಾಂಗದ ಆಧಾರದ ವಲಸೆ ನಿಷೇಧವನ್ನು ಒಪ್ಪದಿದ್ದರೂ, ಆಫ್ರಿಕನ್ನರ ಆರ್ಥಿಕ ಹಿತದ ಹೆಸರಿನಲ್ಲಿ ನಿಯಂತ್ರಣದ ದಾರಿಯನ್ನು ತೆರೆದಿಟ್ಟಿತು. ಯಾರ ಹಿತದ ಹೆಸರನ್ನು ಹೇಳಲಾಯಿತೋ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಶ್ರೀನಿವಾಸಶಾಸ್ತ್ರಿಯವರಂಥ ಸೌಮ್ಯವಾದಿಯೂ ಇದರಿಂದ ಕನಲಿದರು.

ದಕ್ಷಿಣ ಆಫ್ರಿಕದಲ್ಲಿ 1924ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಬಿಳಿಯ ಕಾರ್ಮಿಕರ ಪಕ್ಷವೂ ಸೇರಿದ್ದ ಮೈತ್ರಿಕೂಟ. ಹಳ್ಳಿಗಳಿಂದ ಪಟ್ಟಣಕ್ಕೆ ಬಂದ ಬಡ ಬಿಳಿಯರಿಗೆ ಕೆಲಸ ಒದಗಿಸಲೆಂದು ಅದು ನಾಗರಿಕ ದುಡಿಮೆಯೆಂಬ ನೀತಿಯನ್ನು ತಂದಿತು. ಸರ್ಕಾರಿ ಕೆಲಸಗಳಲ್ಲಿ ಬಿಳಿಯರಲ್ಲದವರನ್ನು ತೆಗೆದು ಬಿಳಿಯರನ್ನು ಹೆಚ್ಚಿನ ಕೂಲಿಗೆ ಇಡುವುದೆಂಬುದು ಅದರ ಅರ್ಥ. ಇದರ ಮುಂದುವರಿಕೆಯಾಗಿ ಸಚಿವ ಮಲಾನ್ 1925ರಲ್ಲಿ ಭಾರತೀಯರ ವಾಸ, ವ್ಯಾಪಾರ, ವಲಸೆಗಳನ್ನು ಬಿಗಿಗೊಳಿಸುವ ಮಸೂದೆಯನ್ನು ಮಂಡಿಸಿದರು. ಕಬ್ಬಿನ ತೋಟಗಳಲ್ಲಿ ಆ ಹೊತ್ತಿಗೆ ಆಫ್ರಿಕನ್ ಕೂಲಿಗಳು ತುಂಬಿದ್ದರು; ಭಾರತೀಯರ ಪರ ಮಾತನಾಡುವ ಮಾಲೀಕವರ್ಗ ಕೂಡ ಉಳಿದಿರಲಿಲ್ಲ. ಮತ್ತೆ ಅಲ್ಲಿಗೆ ಹೋದ ಆಂಡ್ರೂಸ್ ಮಲಾನ್ ಅವರೊಂದಿಗೆ ಮಾತುಕತೆಯ ಸಂಬಂಧ ಬೆಳೆಸಿದರು. ಮಸೂದೆ ಮುಂದಕ್ಕೆ ಹೋಯಿತು. 1926ರ ಡಿಸೆಂಬರಿನಲ್ಲಿ ಕೇಪ್‌ಟೌನಿನಲ್ಲಿ ಎರಡು ಸರ್ಕಾರಗಳ ದುಂಡುಮೇಜಿನ ಸಭೆ ಸೇರಿತು, ಮರುವರ್ಷ ಒಪ್ಪಂದ ಪ್ರಕಟವಾಯಿತು.

ಒಪ್ಪಂದಕ್ಕೆ ಎರಡು ತುದಿಗಳಿದ್ದುವು. ಒಂದೆಡೆ ಅಲ್ಲಿ ಉಳಿಯುವ ಭಾರತೀಯರ ಶಿಕ್ಷಣ, ಆರೋಗ್ಯಗಳನ್ನು ಮೇಲೆತ್ತುವ ವಾಗ್ದಾನ. ಇನ್ನೊಂದೆಡೆ, ದೇಶ ಬಿಡುವ ವಯಸ್ಕನಿಗೆ ಇಪ್ಪತ್ತು ಪೌಂಡು, ಮಗುವಿಗೆ ಹತ್ತು ಪೌಂಡು ಮತ್ತು ಉಚಿತ ಪ್ರಯಾಣ. ಮೂರು ವರ್ಷದೊಳಗೆ ಮರಳದಿದ್ದರೆ ವಾಸದ ಹಕ್ಕು ನಷ್ಟ. ಮೂರು ಪೌಂಡು ತೆಗೆದುಕೊಂಡು ಹೊರಗಟ್ಟಲು ನೋಡಿದ್ದ ಪ್ರಭುತ್ವ ಈಗ ಇಪ್ಪತ್ತು ಪೌಂಡು ಕೊಟ್ಟು ಕಳುಹಿಸಲು ಮುಂದಾಯಿತು. ಮಟಿಯಾಬುರ್ಜ್‌ನ್ನು ಕಣ್ಣಾರೆ ಕಂಡಿದ್ದ ಆಂಡ್ರೂಸ್ ಇದನ್ನು ಹೇಗೆ ಒಪ್ಪಿದರು? ಬಲವಂತವಿಲ್ಲದ, ಸ್ವಂತ ಇಚ್ಛೆಯ ನಿರ್ಗಮನವೆಂಬ ನಿರೂಪಣೆ ಅವರಿಗೆ ಸಮಾಧಾನ ಕೊಟ್ಟಿತು. ಮಸೂದೆ ಕಾಯಿದೆಯಾಗುವುದಕ್ಕಿಂತ ಇದು ಮೇಲೆಂಬ ಲೆಕ್ಕಾಚಾರವೂ ಇತ್ತು. ಆ ಲೆಕ್ಕ ಆ ಗಳಿಗೆಗೆ ತಪ್ಪಲ್ಲ. ಆದರೆ ಕೆಲಸ ಕಳೆದುಕೊಂಡವನ ಇಚ್ಛೆ ಎಷ್ಟು ಸ್ವಂತದ್ದು ಎಂಬ ಪ್ರಶ್ನೆಯನ್ನು 1896ರ ಪ್ರಬಂಧದ ಲೇಖಕ ಕೇಳದೆ ಬಿಡುತ್ತಿರಲಿಲ್ಲ. ನಾಗರಿಕ ದುಡಿಮೆಯ ನೀತಿಯಿಂದ ಕೆಲಸ ಹೋದವರೇ ಹಡಗು ಹತ್ತುವ ಸಾಲಿನಲ್ಲಿದ್ದರು. ಭವಾನೀದಯಾಳ್ ಸನ್ಯಾಸಿ ಮತ್ತು ಚತುರ್ವೇದಿಯವರು ಹೀಗೆ ಬಂದವರ ಸ್ಥಿತಿಯನ್ನು ವಿಚಾರಿಸಿ 1931ರಲ್ಲಿ ಪ್ರಕಟಿಸಿದ ವರದಿ, ಮದರಾಸಿನ ಬಂದರಿನಲ್ಲಿಳಿದ ಕುಟುಂಬಗಳ ಹಣ ಬೇಗನೆ ಕರಗಿದ್ದನ್ನೂ, ಆಫ್ರಿಕದಲ್ಲೇ ಹುಟ್ಟಿದ ಮಕ್ಕಳು ಇಲ್ಲಿಯ ಹವೆಗೂ ಜಾತಿಗೂ ಹೊಂದದೆ ನರಳಿದ್ದನ್ನೂ ದಾಖಲಿಸಿದೆ.

ಆಂಡ್ರೂಸರ ತಿರುಗಾಟ ನಿಲ್ಲಲಿಲ್ಲ. 1929ರಲ್ಲಿ ಬ್ರಿಟಿಷ್ ಗಯಾನಕ್ಕೆ ಹೋದರು. 1936ರಲ್ಲಿ ಮೂರನೆಯ ಬಾರಿ ಫಿಜಿಯನ್ನು ಕಂಡರು. ಅಲ್ಲಿ ಲೈನುಗಳು ಹಿಂದಿನಂತೆ ಇರಲಿಲ್ಲ. ಕಟ್ಟುಕೂಲಿ ಸಿಗದಾದಾಗ ಸಕ್ಕರೆ ಕಂಪನಿ ತನ್ನ ಜಮೀನನ್ನು ಹತ್ತು ಎಕರೆಯ ಆಸುಪಾಸಿನ ತುಂಡುಗಳಾಗಿ ಒಡೆದು ಭಾರತೀಯರಿಗೇ ಗೇಣಿಗೆ ಕೊಟ್ಟಿತ್ತು. ಬೆಳೆಯ ನಷ್ಟ ಈಗ ಗೇಣಿದಾರನದು, ಕಬ್ಬಿನ ಬೆಲೆ ಗೊತ್ತುಮಾಡುವ ಅಧಿಕಾರ ಕಂಪನಿಯದು. ದ್ವೀಪದಲ್ಲಿ ಹುಟ್ಟಿದ ಭಾರತೀಯರ ಸಂಖ್ಯೆ ಹೆಚ್ಚುತ್ತಿತ್ತು. ನೆಲದ ಒಡೆತನ ಬಹುಪಾಲು ಫಿಜಿಯನ್ನರದು. ಒಳಬರುವವರ ಪ್ರಶ್ನೆ ಹಿಂದೆ ಸರಿದು, ಈಗಾಗಲೇ ಒಳಗಿರುವವರಿಗೆ ಭೂಮಿ ಎಷ್ಟು ಕಾಲ ದೊರೆಯುವುದೆಂಬ ಪ್ರಶ್ನೆ ಎದ್ದಿತ್ತು. ಆಂಡ್ರೂಸ್ ಇದನ್ನು ಗುರುತಿಸಿ, ಗೇಣಿಯ ಅವಧಿಯ ಅನಿಶ್ಚಿತತೆಯನ್ನು ಪೆಸಿಫಿಕ್ ಪ್ರದೇಶ ಮತ್ತು ಭಾರತದ ಸಂಬಂಧ ಕುರಿತ 1937ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದರು.

1940ರ ಆರಂಭದಲ್ಲಿ ಕಾಯಿಲೆ ಬಿದ್ದ ಆಂಡ್ರೂಸ್ ಏಪ್ರಿಲ್ 5ರಂದು ಕಲಕತ್ತೆಯಲ್ಲಿ ತೀರಿಕೊಂಡರು. ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ, ಮಟಿಯಾಬುರ್ಜ್‌ನ ಹಡಗುಕಟ್ಟೆಗಳಿಗೆ ಬಹು ದೂರವಲ್ಲದ ಜಾಗದಲ್ಲಿ ಅವರನ್ನು ಮಣ್ಣುಮಾಡಲಾಯಿತು. ಅದೇ ವರ್ಷ ಫಿಜಿಯಲ್ಲಿ ಸ್ಥಳೀಯರ ಭೂಮಿಯನ್ನು ಗೇಣಿಗೆ ಕೊಡುವ ಅಧಿಕಾರವನ್ನೆಲ್ಲ ಒಂದು ವಿಶ್ವಸ್ತ ಮಂಡಳಿಗೆ ಒಪ್ಪಿಸುವ ಶಾಸನ ಜಾರಿಗೆ ಬಂದಿತು.